ಹೊಣೆ ಸೊಸೆಯದು, ರಜೆ ಯಾರದು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲೊಂದಾದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ‘ಕುಟುಂಬ’ ಎಂಬ ಪದದ ವ್ಯಾಖ್ಯೆ ಹಿಗ್ಗಿದೆ. ಮಹಿಳಾ ಉದ್ಯೋಗಿಯನ್ನು ಅವಲಂಬಿಸಿದ ತಂದೆತಾಯಿಯ ಜೊತೆಗೆ ಆಕೆಯ ಅತ್ತೆ-ಮಾವಂದಿರೂ, ಅವರ ಆದಾಯ ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗಿದ್ದರೆ, ಇನ್ನು ಮುಂದೆ ಆಕೆಯ ಕುಟುಂಬವೇ. ಇದು ಸ್ತ್ರೀಪರ ಹೆಜ್ಜೆಯೆಂದು ಸರ್ಕಾರ ಹೇಳಿಕೊಂಡಿತು. ಅಷ್ಟರಮಟ್ಟಿಗೆ ಅದು ನಿಜವೂ ಹೌದು. ಅತ್ತೆಯ ಔಷಧಿಯ ಖರ್ಚನ್ನು ವಿಮೆಗೆ ಸೇರಿಸಲು ದುಡಿಯುವ ಸೊಸೆಗೆ ಈಗ ದಾರಿಯೊಂದು ತೆರೆದಿದೆ.

ಆದರೆ ಆ ವಾಕ್ಯವನ್ನು ಎರಡನೆಯ ಸಲ ಓದಿದವರಿಗೆ ಎರಡು ಪ್ರಶ್ನೆಗಳು ಏಳದೆ ಇರವು. ಅತ್ತೆ-ಮಾವಂದಿರು ಸೊಸೆಯ ಕುಟುಂಬವೆಂದು ಒಪ್ಪಿದ ಕಾನೂನು, ಅವರು ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕುಳಿತುಕೊಳ್ಳಲು ಆಕೆಗೆ ಒಂದು ದಿನದ ರಜೆಯನ್ನಾದರೂ ಕೊಟ್ಟಿದೆಯೇ? ಇಲ್ಲ. ಸೊಸೆಗೆ ಅತ್ತೆ-ಮಾವಂದಿರು ಕುಟುಂಬವಾದರೆ ಅಳಿಯನಿಗೆ ಅವನ ಹೆಂಡತಿಯ ತಂದೆತಾಯಿ ಏಕೆ ಕುಟುಂಬವಲ್ಲ? ಇದಕ್ಕೂ ಉತ್ತರವಿಲ್ಲ. ಈ ಎರಡು ಮೌನಗಳನ್ನು ಜೋಡಿಸಿ ನೋಡಿದರೆ ಕಾನೂನು ಬರೆದವರ ಮನಸ್ಸಿನಲ್ಲಿದ್ದ ಚಿತ್ರ ತಾನಾಗಿ ಮೂಡುತ್ತದೆ. ಮುದುಕರನ್ನು ನೋಡಿಕೊಳ್ಳುವವಳು ಸೊಸೆ. ಅವಳು ಅದನ್ನು ಹೇಗಾದರೂ ಮಾಡಿಕೊಳ್ಳುತ್ತಾಳೆ. ರಜೆಯ ಮಾತು ಬೇಡ.

ಕನ್ನಡಿಗರಿಗೆ ಈ ಸಂಬಂಧದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷರು ಗಂಡನ ತಾಯಿಯನ್ನು ‘ಕಾನೂನಿನಿಂದಾದ ತಾಯಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕನ್ನಡದಲ್ಲಿ ಗಂಡನ ತಾಯಿ ಅತ್ತೆ; ತಂದೆಯ ಒಡಹುಟ್ಟಿದವಳೂ ಅತ್ತೆ. ಗಂಡನ ತಂದೆ ಮಾವ. ತಾಯಿಯ ಒಡಹುಟ್ಟಿದವನೂ ಮಾವ. ರಕ್ತಸಂಬಂಧವನ್ನೂ ಮದುವೆಯ ಸಂಬಂಧವನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಭಾಷೆ ಇದು. ತುಳುನಾಡಿನ ಜೈನ ಮನೆತನಗಳಂತೂ ಅಳಿಯಸಂತಾನದ ಪದ್ಧತಿಯಲ್ಲಿ ತಲೆಮಾರುಗಳ ಕಾಲ ಆಸ್ತಿಯನ್ನೂ ಹೊಣೆಯನ್ನೂ ಹೆಣ್ಣಿನ ಕಡೆಯಿಂದ ಎಣಿಸಿದವು. ಅಂಥ ನೆಲದಿಂದ ಮುಂಬೈಗೆ, ಪುಣೆಗೆ, ದುಬೈಗೆ, ನ್ಯೂಜೆರ್ಸಿಗೆ ಹೋದ ಕುಟುಂಬಗಳು ಈಗ ರಜೆಯ ಅರ್ಜಿಯಲ್ಲಿ ‘ರೋಗಿ ನಿಮಗೇನಾಗಬೇಕು?’ ಎಂಬ ಪ್ರಶ್ನೆಯ ಮುಂದೆ ತಡವರಿಸುತ್ತಿವೆ.

ಕಾನೂನಿನ ಎರಡು ನಾಲಿಗೆ

ಅತ್ತೆ-ಮಾವಂದಿರ ವಿಷಯದಲ್ಲಿ ದೇಶದ ಕಾನೂನು ಹೊಣೆಯ ಮಾತು ಬಂದಾಗ ಒಂದು ನಾಲಿಗೆಯಲ್ಲಿ, ಹಕ್ಕಿನ ಮಾತು ಬಂದಾಗ ಇನ್ನೊಂದು ನಾಲಿಗೆಯಲ್ಲಿ ನುಡಿಯುತ್ತದೆ.

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಿತು. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಆ ಪಟ್ಟಿಗೆ ಸೊಸೆಯನ್ನೂ ಅಳಿಯನನ್ನೂ ಸೇರಿಸಲು ಹೊರಟಿತು. ಹಿರಿಯರನ್ನು ಕೈಬಿಟ್ಟವರಿಗೆ ವಿಧಿಸುವ ಜೈಲು ಶಿಕ್ಷೆಯನ್ನು ಆರು ತಿಂಗಳವರೆಗೆ ಏರಿಸುವ ಪ್ರಸ್ತಾಪವೂ ಅದರಲ್ಲಿತ್ತು. ಹದಿನೇಳನೆಯ ಲೋಕಸಭೆಯ ಅವಧಿ ಮುಗಿದಾಗ ಆ ಮಸೂದೆಯೂ ಬಿದ್ದುಹೋಯಿತು. ಮಸೂದೆ ಬಿದ್ದರೂ ಅದರ ಹಿಂದಿನ ಮನೋಭಾವ ಬಿದ್ದಿಲ್ಲ. ಹಿರಿಯರನ್ನು ನೋಡಿಕೊಳ್ಳದ ಸೊಸೆಯನ್ನು ಜೈಲಿಗೆ ಕಳುಹಿಸಬೇಕೆಂದು ಯೋಚಿಸಿದ ಸರ್ಕಾರಕ್ಕೆ, ನೋಡಿಕೊಳ್ಳಲು ಬಯಸುವ ಸೊಸೆಯನ್ನು ಕಚೇರಿಯಿಂದ ಮನೆಗೆ ಕಳುಹಿಸಬೇಕೆಂಬ ಯೋಚನೆ ಬರಲಿಲ್ಲ.

ನ್ಯಾಯಾಲಯಗಳ ದಾರಿಯೂ ನೇರವಾಗಿಲ್ಲ. ವಿವಾಹಿತ ಮಗಳೂ ತನ್ನ ತಂದೆತಾಯಿಯ ಪೋಷಣೆಗೆ ಹೊಣೆಯೆಂದು ಸುಪ್ರೀಂ ಕೋರ್ಟ್ 1987ರಲ್ಲೇ, ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹೇಳಿತು. ಅತ್ತ 2023ರಲ್ಲಿ ಮುಂಬೈ ಹೈಕೋರ್ಟಿನ ಔರಂಗಾಬಾದ್ ಪೀಠವು, ಗಂಡನನ್ನು ಕಳೆದುಕೊಂಡು ಮುಂಬೈಯ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಸೊಸೆಯಿಂದ ಅತ್ತೆ-ಮಾವಂದಿರು ಜೀವನಾಂಶ ಕೇಳಿದಾಗ, ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ ಅತ್ತೆ-ಮಾವಂದಿರ ಹೆಸರೇ ಇಲ್ಲ, ಆದ್ದರಿಂದ ಕೇಳುವಂತಿಲ್ಲ ಎಂದಿತು. ಎರಡೂ ತೀರ್ಪುಗಳು ತಮ್ಮ ತಮ್ಮ ಕಲಮುಗಳ ಮಟ್ಟಿಗೆ ಸರಿ. ಆದರೆ ಹಣ ಕೊಡುವ ಹೊಣೆಯನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ವ್ಯವಸ್ಥೆ ಸಮಯ ಕೊಡುವ ಹೊಣೆಯನ್ನು ಅಳೆಯಲು ತಕ್ಕಡಿಯನ್ನೇ ಇಟ್ಟುಕೊಂಡಿಲ್ಲ. ಹಾಸಿಗೆ ಹಿಡಿದವರಿಗೆ ಹಣದಷ್ಟೇ ಬೇಕಾದುದು ಸಮಯ: ಮಗ್ಗುಲು ಬದಲಿಸುವ, ಗಂಜಿ ಕುಡಿಸುವ, ರಾತ್ರಿ ಎರಡು ಗಂಟೆಗೆ ಕರೆದರೆ ಓಗೊಡುವ ಮನುಷ್ಯನ ಸಮಯ.

ಸರ್ಕಾರಿ ನೌಕರರ ಸ್ಥಿತಿ ಸ್ವಲ್ಪ ಮೇಲು. 2025ರ ಜುಲೈಯಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ರಾಜ್ಯಸಭೆಗೆ ನೀಡಿದ ಉತ್ತರದ ಪ್ರಕಾರ, ಕೇಂದ್ರದ ನೌಕರರು ವರ್ಷಕ್ಕೆ 30 ದಿನಗಳ ಗಳಿಕೆ ರಜೆ, 20 ದಿನಗಳ ಅರ್ಧವೇತನ ರಜೆ, 8 ದಿನಗಳ ಸಾಂದರ್ಭಿಕ ರಜೆ ಮತ್ತು 2 ನಿರ್ಬಂಧಿತ ರಜೆಗಳನ್ನು ವೃದ್ಧ ತಂದೆತಾಯಿಯ ಆರೈಕೆಯೂ ಸೇರಿದಂತೆ ಯಾವುದೇ ವೈಯಕ್ತಿಕ ಕಾರಣಕ್ಕೆ ಬಳಸಬಹುದು. ಉತ್ತರ ಉದಾರವಾಗಿ ಕೇಳಿಸುತ್ತದೆ. ಆದರೆ ಅದು ಹೊಸದಾಗಿ ಏನನ್ನೂ ಕೊಟ್ಟಿಲ್ಲ. ನೌಕರನು ದುಡಿದು ಗಳಿಸಿದ ರಜೆಯನ್ನೇ ಅವನಿಗೆ ತೋರಿಸಿದೆ. ಮಕ್ಕಳ ಪಾಲನೆಗೆಂದು ಮಹಿಳಾ ನೌಕರರಿಗೂ ಒಂಟಿ ತಂದೆಯರಿಗೂ ಸೇವಾವಧಿಯಲ್ಲಿ 730 ದಿನಗಳ ಪ್ರತ್ಯೇಕ ರಜೆ ಇದೆ. ಹಿರಿಯರ ಆರೈಕೆಗೆಂಬ ಹೆಸರಿನ ರಜೆ ಒಂದು ದಿನವೂ ಇಲ್ಲ.

ಅತ್ತೆ-ಮಾವಂದಿರ ಹೆಸರನ್ನು ರಜೆಯ ಆದೇಶದಲ್ಲಿ ಬರೆದ ರಾಜ್ಯವೊಂದಿದೆ. 2024ರಲ್ಲಿ ಅಸ್ಸಾಂ ಸರ್ಕಾರವು ತನ್ನ ನೌಕರರಿಗೆ ತಂದೆತಾಯಿ ಅಥವಾ ಅತ್ತೆ-ಮಾವಂದಿರ ಜೊತೆ ಕಳೆಯಲೆಂದು ನವೆಂಬರ್ 6 ಮತ್ತು 8ರಂದು ವಿಶೇಷ ಸಾಂದರ್ಭಿಕ ರಜೆ ನೀಡಿತು. ಹಿರಿಯರು ಬದುಕಿಲ್ಲದವರಿಗೆ ಆ ರಜೆ ಇರಲಿಲ್ಲ. ಎರಡು ದಿನದ ಹಬ್ಬದಂಥ ಆ ರಜೆಯಿಂದ ರೋಗಿಗೆ ದೊಡ್ಡ ಪ್ರಯೋಜನವಿಲ್ಲ. ಆದರೂ ಅತ್ತೆ-ಮಾವಂದಿರೂ ರಜೆಗೆ ಕಾರಣವಾಗಬಹುದೆಂದು ಒಂದು ಸರ್ಕಾರ ಕಾಗದದ ಮೇಲೆ ಒಪ್ಪಿತಲ್ಲ, ಆ ಒಪ್ಪಿಗೆಯೇ ದೊಡ್ಡದು. ಸೇರಿಸಲು ಬರುವುದಿಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು.

ಮುಂಬೈಯ ಲೆಕ್ಕ

ಖಾಸಗಿ ಉದ್ಯೋಗಿಯ ಗತಿಯನ್ನು ಮುಂಬೈಯಲ್ಲಿ ನೋಡಬೇಕು. ಇಲ್ಲಿನ ಅಂಗಡಿ, ಕಚೇರಿ, ಹೋಟೆಲುಗಳಿಗೆ ಅನ್ವಯಿಸುವುದು 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ವರ್ಷಕ್ಕೆ 8 ದಿನ ಸಾಂದರ್ಭಿಕ ರಜೆ. 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದರಂತೆ ಗಳಿಕೆ ರಜೆ. ವರ್ಷವಿಡೀ ತಪ್ಪದೆ ದುಡಿದವನಿಗೂ ಎರಡೂ ಸೇರಿ ಇಪ್ಪತ್ತಮೂರು ದಿನ ದಕ್ಕಿದರೆ ಹೆಚ್ಚು. ತನ್ನ ಜ್ವರ, ಮಗುವಿನ ಶಾಲೆ, ಊರಿನ ಮದುವೆ, ಮಸ್ತಕಾಭಿಷೇಕ, ಮಳೆಗೆ ಲೋಕಲ್ ರೈಲು ನಿಂತ ದಿನ, ಎಲ್ಲವೂ ಇದರಲ್ಲೇ ಆಗಬೇಕು. ಅದೂ ಈ ಕಾಯ್ದೆ ತಗಲುವಷ್ಟು ಕೆಲಸಗಾರರಿರುವ ಕಡೆ ಮಾತ್ರ. ಆ ಮಿತಿಯನ್ನು 10ರಿಂದ 20ಕ್ಕೂ ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೂ ಏರಿಸುವ ತಿದ್ದುಪಡಿಗೆ ಮಹಾರಾಷ್ಟ್ರದ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆರೈಕೆಗೆ ಸಮಯ ಬೇಕೆಂದು ಜನ ಕೇಳುತ್ತಿರುವಾಗ ಕೈಲಿದ್ದ ಸಮಯವನ್ನೂ ಕಿತ್ತುಕೊಳ್ಳುವ ದಿಕ್ಕಿನಲ್ಲಿ ಕಾನೂನು ನಡೆದಿದೆ.

ಈಗ ರೋಗದ ಲೆಕ್ಕ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಆರೇಳು ವಾರ. ಮೂತ್ರಪಿಂಡ ಕೈಕೊಟ್ಟವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದರೆ ವರ್ಷಕ್ಕೆ 156 ಸಲ, ಪ್ರತಿಸಲ ನಾಲ್ಕು ತಾಸಿನಷ್ಟು. ಪಾರ್ಶ್ವವಾಯು ಬಡಿದವರಿಗೆ ಮೊದಲ ಕೆಲವು ತಿಂಗಳ ವ್ಯಾಯಾಮವೇ ಮುಂದಿನ ಬದುಕನ್ನು ನಿರ್ಧರಿಸುತ್ತದೆ. ಇವುಗಳಲ್ಲಿ ಯಾವುದೂ ಇಪ್ಪತ್ತಮೂರು ದಿನಗಳಲ್ಲಿ ಹಿಡಿಯುವುದಿಲ್ಲ.

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ದೇಶದ ಕ್ಯಾನ್ಸರ್ ರೋಗಿಗಳ ಆಸರೆ. ಬೆಳಗಾವಿ, ವಿಜಯಪುರ, ಕಲಬುರಗಿ, ಸಾಂಗಲಿ, ಕೊಲ್ಹಾಪುರಗಳಿಂದ ರೈಲು ಹತ್ತಿ ಬರುವವರು ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕರೆ ಅಲ್ಲಿ, ಸಿಗದಿದ್ದರೆ ಮುಂಬೈಯಲ್ಲಿ ನೆಲೆಸಿದ ಮಗನ, ಮಗಳ, ಸೋದರಳಿಯನ ಮನೆಯಲ್ಲಿ ಇಳಿಯುತ್ತಾರೆ. ಆ ಮನೆಯೆಂದರೆ ಬಹಳ ಸಲ ಡೊಂಬಿವಲಿಯ, ಕಳ್ವಾದ, ಮೀರಾ ರೋಡಿನ, ನಾಲಾಸೋಪಾರಾದ ಒಂದು ಕೋಣೆ-ಅಡುಗೆಮನೆ. ಗಂಡ ಹೆಂಡತಿ ಇಬ್ಬರೂ ದುಡಿಯದಿದ್ದರೆ ಆ ಮನೆಯ ಕಂತು ಕಟ್ಟಲಾಗದು. ಮುಂಜಾನೆ ಕೇಸ್ ಪೇಪರಿನ ಸಾಲಿನಲ್ಲಿ ನಿಲ್ಲಬೇಕಾದವರು ಯಾರು, ಕಚೇರಿಗೆ ಹೋಗಬೇಕಾದವರು ಯಾರು ಎಂಬ ಪ್ರಶ್ನೆ ಬಂದಾಗ ನಿರ್ಧಾರ ಮಾತಿಲ್ಲದೆ ಆಗಿಹೋಗುತ್ತದೆ. ಗಂಡನ ಸಂಬಳ ಹೆಚ್ಚು, ಆದ್ದರಿಂದ ಅವನು ಕಚೇರಿಗೆ. ಸೊಸೆಯ ಸಂಬಳ ಕಡಿಮೆ, ಆದ್ದರಿಂದ ಅವಳು ಸಾಲಿಗೆ. ಗಳಿಕೆ ರಜೆ ಮುಗಿದ ಮೇಲೆ ಸಂಬಳವಿಲ್ಲದ ರಜೆ, ಅದೂ ಮುಗಿದ ಮೇಲೆ ರಾಜೀನಾಮೆ. ‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟ ಆ ರಾಜೀನಾಮೆಗಳ ಹಿಂದೆ ಎಷ್ಟು ಅತ್ತೆಯರ ಪಾರ್ಶ್ವವಾಯು, ಎಷ್ಟು ಮಾವಂದಿರ ಡಯಾಲಿಸಿಸ್ ಇವೆಯೆಂದು ಯಾವ ಕಂಪನಿಯ ಕಡತವೂ ಹೇಳುವುದಿಲ್ಲ.

ಇನ್ನೊಂದು ವಿಪರ್ಯಾಸವಿದೆ. ಅತ್ತೆ ಅಥವಾ ಮಾವ ತೀರಿಕೊಂಡರೆ ಮೂರೋ ಐದೋ ದಿನ ಶೋಕದ ರಜೆ ಕೊಡುವ ಖಾಸಗಿ ಕಂಪನಿಗಳು ಹಲವಾರಿವೆ. ಸತ್ತ ಮೇಲೆ ಸಂಬಂಧಿಕರೆಂದು ಒಪ್ಪುವವರನ್ನು ಬದುಕಿದ್ದಾಗ ಒಪ್ಪಲು ಏನಡ್ಡಿ? ಸೂತಕಕ್ಕೆ ರಜೆ ಉಂಟು, ಶುಶ್ರೂಷೆಗಿಲ್ಲ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆ ಈ ಮನೆಗಳ ಒಳಗನ್ನು ಅಂಕಿಗಳಲ್ಲಿ ತೋರಿಸಿದೆ. 15ರಿಂದ 59ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ. ಗಂಡಸರಲ್ಲಿ ಶೇಕಡಾ 21.4. ತೊಡಗಿದ ಹೆಂಗಸರು ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74. ಮಕ್ಕಳ ಪಾಲನೆಯೂ ಹಿರಿಯರ ಶುಶ್ರೂಷೆಯೂ ಈ ಅಂಕಿಯಲ್ಲಿ ಸೇರಿವೆ. ಅಂದರೆ ಆರೈಕೆ ಮಾಡುವ ಗಂಡಸರೇ ಅರ್ಧದಷ್ಟು, ಮಾಡಿದವರು ಕೊಡುವ ಹೊತ್ತೂ ಸುಮಾರು ಅರ್ಧ.

ವೈಯಾವೃತ್ಯ ಯಾರ ವ್ರತ?

ಜೈನ ಸಮಾಜಕ್ಕೆ ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚಿನ ಹೊಣೆಯಿದೆ. ರೋಗಿಯ ಸೇವೆಯನ್ನು ತಪಸ್ಸೆಂದು ಕರೆದ ಧರ್ಮ ಅದರದು. ಆರು ಆಭ್ಯಂತರ ತಪಗಳಲ್ಲಿ ವೈಯಾವೃತ್ಯ ಒಂದು. ಉಪವಾಸ ಬಾಹ್ಯತಪ, ಶುಶ್ರೂಷೆ ಅಂತರಂಗದ ತಪ. ತತ್ತ್ವಾರ್ಥಸೂತ್ರವು ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲೇ ‘ಗ್ಲಾನ’ನನ್ನು, ಅಂದರೆ ರೋಗದಿಂದ ಬಳಲಿದವನನ್ನು ನಿಲ್ಲಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಇರಿಸಿದರು.

ಅದು ಮುನಿಗಳ ಸೇವೆಗೆ ಹೇಳಿದ ಮಾತು, ಅತ್ತೆ-ಮಾವಂದಿರಿಗೆ ಅನ್ವಯಿಸದು ಎಂದು ಪಂಡಿತರು ಆಕ್ಷೇಪಿಸಬಹುದು. ಶಾಸ್ತ್ರದ ಮುಖ್ಯ ದೃಷ್ಟಿ ಸಂಯಮಿಗಳ ಮೇಲಿದೆ ಎಂಬುದು ನಿಜ. ಆದರೆ ಬಳಲಿದ ದೇಹಕ್ಕೆ ಎಷ್ಟು ಕೈಗಳು ಬೇಕೆಂಬ ವಿವೇಕವನ್ನು ಶಾಸ್ತ್ರವೇ ಕಲಿಸಿದೆ. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನ ಕೈಗೊಂಡ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ಏಳಿಸಿ ಕೂರಿಸುವವರು ಬೇರೆ, ಧರ್ಮ ಹೇಳುವವರು ಬೇರೆ, ರಾತ್ರಿ ಎಚ್ಚರವಿರುವವರು ಬೇರೆ. ಕಾಲ ಎಷ್ಟೇ ಕೆಟ್ಟಿದ್ದರೂ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಆದರೆ ಅವನು ತನ್ನನ್ನೂ ಕೆಡಿಸಿಕೊಂಡಾನು, ಕ್ಷಪಕನನ್ನೂ ಕೈಬಿಟ್ಟಾನು ಎಂಬುದು ಅದರ ಎಚ್ಚರಿಕೆ. ಕಷ್ಟಸಹಿಷ್ಣುವಾದ ಮುನಿಗೇ ಒಬ್ಬ ಪರಿಚಾರಕ ಸಾಲನೆಂದು ತಿಳಿದಿದ್ದ ಪರಂಪರೆಯ ಮಕ್ಕಳು, ಡೊಂಬಿವಲಿಯ ಒಂದು ಕೋಣೆಯಲ್ಲಿ ಎಂಟು ತಾಸಿನ ನೌಕರಿಯನ್ನೂ ಮೂರು ತಾಸಿನ ರೈಲು ಪ್ರಯಾಣವನ್ನೂ ಮುಗಿಸಿ ಬಂದ ಒಬ್ಬಳೇ ಸೊಸೆ ಸಾಕೆಂದು ಹೇಗೆ ನಂಬಿದರು?

ಸಮಾಜಕ್ಕೆ ಸಂಘಟನೆಯ ಶಕ್ತಿ ಇಲ್ಲವೆನ್ನುವಂತಿಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದಾಗ ದೇಶದುದ್ದಕ್ಕೂ ಜೈನರು ಮೌನ ಮೆರವಣಿಗೆ ಹೊರಟರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ನಾಂದಣಿ ಮಠದ ಆನೆ ಮಹಾದೇವಿಯನ್ನು ಮರಳಿ ತರಬೇಕೆಂದು ಸಾವಿರಾರು ಜನ ಕೊಲ್ಹಾಪುರದವರೆಗೆ ನಡೆದರು. ಅದೇ ತಿಂಗಳು ದಾದರಿನ ಪಾರಿವಾಳಗಳ ಕಾಳಿಗಾಗಿ ಮುಂಬೈಯ ಜೈನರು ಬೀದಿಗಿಳಿದರು. ಈ ಹೋರಾಟಗಳ ಸರಿ-ತಪ್ಪುಗಳ ಚರ್ಚೆ ಬೇರೆ. ಇಲ್ಲಿ ಕೇಳಬೇಕಾದದ್ದು ಇಷ್ಟೇ: ಪವಿತ್ರ ಮರಣದ ಹಕ್ಕಿಗಾಗಿ, ಆನೆಗಾಗಿ, ಪಾರಿವಾಳಕ್ಕಾಗಿ ಎದ್ದ ಸಮಾಜ, ಮರಣದ ಹಾಸಿಗೆಯ ಪಕ್ಕ ಕುಳಿತುಕೊಳ್ಳುವ ಹಕ್ಕಿಗಾಗಿ ಒಂದು ಮನವಿಪತ್ರವನ್ನಾದರೂ ಬರೆದಿದೆಯೇ? 1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದವರಿಗೆ ಶಿಕ್ಷಣವೂ ಧರ್ಮದ ಕೆಲಸವೆಂದು ಗೊತ್ತಿತ್ತು. ಅವರ ಮೊಮ್ಮಕ್ಕಳಿಗೆ ಕಾರ್ಮಿಕ ಕಾನೂನೂ ಧರ್ಮದ ಕೆಲಸವೆಂದು ಗೊತ್ತಾಗಬೇಡವೇ?

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಮನೆಯೊಳಗಿನದು. ಹಿರಿಯರ ಸೇವೆ ಪ್ರೀತಿಯಿಂದ ಆಗಬೇಕಾದದ್ದು, ಅದಕ್ಕೆ ಸರ್ಕಾರದ ರಜೆ ಏಕೆ ಎನ್ನುತ್ತಾರೆ. ತಾಯಿ ಮಗುವಿಗೆ ಹಾಲೂಡಿಸುವುದೂ ಪ್ರೀತಿಯಿಂದಲೇ. ಆದರೂ 1961ರ ಹೆರಿಗೆ ಸೌಲಭ್ಯ ಕಾಯ್ದೆ ಬೇಕಾಯಿತು. 2017ರಲ್ಲಿ ಆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅದರಿಂದ ತಾಯ್ತನದ ಪ್ರೀತಿ ಕಡಿಮೆಯಾಯಿತೆಂದು ಯಾರೂ ದೂರಿಲ್ಲ. ಕಾನೂನು ಪ್ರೀತಿಯನ್ನು ಹುಟ್ಟಿಸಲಾರದು. ಇರುವ ಪ್ರೀತಿಗೆ ಹೊತ್ತು ಮಾಡಿಕೊಡಬಲ್ಲದು.

ಎರಡನೆಯದು ದುರುಪಯೋಗದ ಭಯ. ಅತ್ತೆಯ ಹೆಸರು ಹೇಳಿ ಪ್ರವಾಸಕ್ಕೆ ಹೋಗುವವರು ಇರಬಹುದು. ತನಗೇ ಹೊಟ್ಟೆನೋವೆಂದು ಸುಳ್ಳು ಹೇಳುವವರೂ ಇದ್ದಾರೆ. ಹಾಗೆಂದು ಕಾಯಿಲೆ ರಜೆಯನ್ನು ಯಾರೂ ರದ್ದು ಮಾಡಿಲ್ಲ. ಗಂಭೀರ ರೋಗಕ್ಕೆ ಆಸ್ಪತ್ರೆಯ ಕಾಗದವಿರುತ್ತದೆ. ಅತ್ತೆ-ಮಾವಂದಿರು ಯಾರೆಂಬುದಕ್ಕೆ ಮದುವೆಯ ದಾಖಲೆ ಸಾಕು.

ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜೈನ ಸಮಾಜದಲ್ಲಿ ವ್ಯಾಪಾರಿಗಳು ಹೆಚ್ಚು. ಐದಾರು ಜನರನ್ನಿಟ್ಟುಕೊಂಡು ಅಂಗಡಿ ನಡೆಸುವವನು ಒಬ್ಬನಿಗೆ ತಿಂಗಳ ರಜೆಗೆ ಸಂಬಳ ಕೊಟ್ಟು ಇನ್ನೊಬ್ಬನನ್ನು ಎಲ್ಲಿಂದ ತಂದಾನು? ಈ ಪ್ರಶ್ನೆ ನ್ಯಾಯವಾದದ್ದು. ಹೆರಿಗೆ ರಜೆಯ ಇಡೀ ಭಾರವನ್ನು ಮಾಲೀಕನ ತಲೆಗೆ ಕಟ್ಟಿದ ತಪ್ಪನ್ನು ಇಲ್ಲಿ ಮತ್ತೆ ಮಾಡಬಾರದು. ದಾರಿ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗಾಗಿ ಇಎಸ್‌ಐ ಎಂಬ ವಿಮೆ ಇದೆ. ಮಾಲೀಕ ಸಂಬಳದ ಶೇಕಡಾ 3.25, ನೌಕರ ಶೇಕಡಾ 0.75 ಕಟ್ಟುತ್ತಾರೆ. ನೌಕರ ತಾನೇ ರೋಗಿಯಾದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70ರಷ್ಟನ್ನು ಆ ನಿಧಿಯೇ ಕೊಡುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕಬೇಕಾಗಿಲ್ಲ. ಅದೇ ನಿಧಿಗೆ ಆರೈಕೆಯ ಭತ್ಯೆಯನ್ನೂ ಸೇರಿಸಿ, ಮೇಲಿನ ಸಂಬಳದವರಿಗೂ ಅಂಥದೇ ಒಂದು ನಿಧಿಯನ್ನು ಕಟ್ಟಿದರೆ ಭಾರ ಎಲ್ಲರ ಹೆಗಲಿಗೂ ಹಂಚಿಹೋಗುತ್ತದೆ. ಜಪಾನಿನ ವ್ಯವಸ್ಥೆ ಹೀಗೆಯೇ ಇದೆ. ಅಲ್ಲಿ ಆರೈಕೆ ಬೇಕಾದ ಪ್ರತಿಯೊಬ್ಬ ಕುಟುಂಬಸ್ಥನಿಗಾಗಿ ಒಟ್ಟು 93 ದಿನಗಳ ರಜೆಯನ್ನು ಮೂರು ಕಂತುಗಳಲ್ಲಿ ಪಡೆಯಬಹುದು; ಸಂಬಳದ ಶೇಕಡಾ 67ರಷ್ಟು ಉದ್ಯೋಗ ವಿಮೆಯಿಂದ ಬರುತ್ತದೆ; ಸಂಗಾತಿಯ ತಂದೆತಾಯಿಯೂ ಆ ಪಟ್ಟಿಯಲ್ಲಿದ್ದಾರೆ.

ನಾಲ್ಕನೆಯ ಆಕ್ಷೇಪ ಸ್ತ್ರೀಪರ ಚಿಂತಕರದು; ಎಲ್ಲಕ್ಕಿಂತ ಗಟ್ಟಿಯಾದದ್ದು. ಇಂಥ ರಜೆ ಬಂದರೆ ಅದನ್ನು ಸೊಸೆಯೇ ತೆಗೆದುಕೊಳ್ಳಬೇಕಾದೀತು, ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮಾಲೀಕರು ಇನ್ನಷ್ಟು ಹಿಂದೆಗೆದಾರು ಎಂಬ ಅಂಜಿಕೆ ಅವರದು. ಮುಟ್ಟಿನ ರಜೆಯನ್ನು ಕಡ್ಡಾಯಗೊಳಿಸಿದರೆ ಹೆಣ್ಣುಮಕ್ಕಳು ಉದ್ಯೋಗದಿಂದಲೇ ದೂರವಾಗಬಹುದೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಇದೇ ಅಳುಕನ್ನು ಆಡಿತ್ತು. ಕರ್ನಾಟಕ ಸರ್ಕಾರ ಮರುವರ್ಷ ಅಕ್ಟೋಬರ್‌ನಲ್ಲಿ ಖಾಸಗಿ ವಲಯಕ್ಕೂ ಅನ್ವಯಿಸುವಂತೆ ವರ್ಷಕ್ಕೆ 12 ದಿನಗಳ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿ ಧೈರ್ಯ ತೋರಿತು. ಮುಟ್ಟು ಹೆಣ್ಣಿನದು, ಆದ್ದರಿಂದ ಆ ರಜೆ ಹೆಣ್ಣಿನದು. ಆದರೆ ಮಾವನ ಪಾರ್ಶ್ವವಾಯು ಹೆಣ್ಣಿನ ದೇಹಧರ್ಮವಲ್ಲ. ಆರೈಕೆಯ ರಜೆ ಗಂಡಿಗೂ ಹೆಣ್ಣಿಗೂ ಬೇರೆಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದಂತೆ ಇರಬೇಕು. ಗಂಡ ತೆಗೆದುಕೊಳ್ಳದಿದ್ದರೆ ಅವನ ಪಾಲು ನಷ್ಟವಾಗಬೇಕು. ಆಗ ಮಾತ್ರ ತನ್ನ ತಾಯಿಯ ಮೈ ಒರೆಸಲು ಮಗನ ಕೈ ಮುಂದೆ ಬಂದೀತು.

ಇಲ್ಲಿಗೆ ಸಾಮಾಜಿಕ ಭದ್ರತಾ ಸಂಹಿತೆಯ ಮೂಲ ದೋಷ ಎದುರಾಗುತ್ತದೆ. ಅದು ಮಹಿಳಾ ಉದ್ಯೋಗಿಯ ಅತ್ತೆ-ಮಾವಂದಿರನ್ನು ಮಾತ್ರ ಕುಟುಂಬವೆಂದಿತು. ಒಬ್ಬಳೇ ಮಗಳಿರುವ ಮನೆಗಳು ಇಂದು ಮುಂಬೈಯ ಜೈನರಲ್ಲಿ ಅಪರೂಪವಲ್ಲ. ಆ ಮಗಳ ವೃದ್ಧ ತಂದೆತಾಯಿಗೆ ಅಳಿಯನೇ ಮಗ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಪಾಲು ಕೊಟ್ಟಿದೆ. ಹೆಂಡತಿಯ ತವರಿನ ಫ್ಲ್ಯಾಟು ತನ್ನ ಮನೆಗೆ ಬರುವುದನ್ನು ಒಪ್ಪುವ ಅಳಿಯ, ಆ ಫ್ಲ್ಯಾಟಿನಲ್ಲಿ ಮಲಗಿರುವ ಮಾವನ ಔಷಧಿಯ ಹೊತ್ತನ್ನೂ ಒಪ್ಪಬೇಕು. ಮಗಳ ಮನೆಯ ನೀರೂ ಕುಡಿಯಬಾರದೆಂಬ ಹಳೆಯ ಬಿಗುಮಾನವನ್ನು ಹಿರಿಯರೂ ಬಿಡಬೇಕು.

ಹೊರದೇಶಗಳಲ್ಲಿರುವ ಕುಟುಂಬಗಳಿಗೂ ಇದು ದೂರದ ಮಾತಲ್ಲ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ 12 ವಾರಗಳ ಸಂಬಳರಹಿತ ರಜೆ ಕೊಡುತ್ತದೆ. ಆದರೆ ಅದರ ‘ತಂದೆತಾಯಿ’ ಪದದಲ್ಲಿ ಅತ್ತೆ-ಮಾವಂದಿರಿಲ್ಲ. ಮೂಡುಬಿದಿರೆಯಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡರೆ ಟೆಕ್ಸಾಸಿನ ಮಗ ಆ ಕಾಯ್ದೆಯ ಬಲದಿಂದ ವಿಮಾನ ಹತ್ತಬಹುದು, ಸೊಸೆ ಹತ್ತುವಂತಿಲ್ಲ. ಕ್ಯಾಲಿಫೋರ್ನಿಯಾ ತನ್ನ ರಾಜ್ಯದ ಕಾನೂನಿಗೆ 2022ರ ಜನವರಿಯಿಂದ ಅತ್ತೆ-ಮಾವಂದಿರನ್ನು ಸೇರಿಸಿಕೊಂಡಿತು. ಬ್ರಿಟನ್ 2024ರ ಏಪ್ರಿಲ್‌ನಿಂದ ಆರೈಕೆ ಮಾಡುವವರಿಗೆ ವರ್ಷಕ್ಕೆ ಒಂದು ವಾರದ ಸಂಬಳರಹಿತ ರಜೆ ಕೊಟ್ಟಿದೆ. ಎಲ್ಲೆಡೆಯೂ ಇದು ಕೇಳಿದ ಮೇಲೆ ದೊರೆತದ್ದೇ.

ಕೇಳಬೇಕಾದದ್ದು, ಮಾಡಬೇಕಾದದ್ದು

ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ದೆಹಲಿ ಸುಮ್ಮನಿದ್ದರೆ ಮಹಾರಾಷ್ಟ್ರ ತನ್ನ ಅಂಗಡಿ ಕಾಯ್ದೆಗೆ, ಕರ್ನಾಟಕ ತನ್ನ ಕಾಯ್ದೆಗೆ ತಿದ್ದುಪಡಿ ತರಬಹುದು. ಬೇಡಿಕೆ ಸ್ಪಷ್ಟವಾಗಿರಬೇಕು. ಗಂಭೀರ ರೋಗದಲ್ಲಿರುವ ತಂದೆತಾಯಿಗೂ ಸಂಗಾತಿಯ ತಂದೆತಾಯಿಗೂ ಭೇದವಿಲ್ಲದೆ, ಗಂಡಸರಿಗೂ ಹೆಂಗಸರಿಗೂ ಸಮನಾಗಿ, ವರ್ಷಕ್ಕೆ ಕನಿಷ್ಠ ಹದಿನೈದು ದಿನಗಳ ಸಂಬಳ ಸಹಿತ ಆರೈಕೆ ರಜೆ. ಡಯಾಲಿಸಿಸ್‌ನಂಥ ಚಿಕಿತ್ಸೆಗೆ ಹೊಂದುವಂತೆ ಅದನ್ನು ಅರ್ಧ ದಿನದ ಲೆಕ್ಕದಲ್ಲೂ ಪಡೆಯುವ ಅವಕಾಶ. ರೋಗ ದೀರ್ಘವಾದರೆ ಮೂರು ತಿಂಗಳವರೆಗೆ ವಿಮಾ ನಿಧಿಯಿಂದ ಭತ್ಯೆ, ಮರಳಿ ಬಂದಾಗ ಅದೇ ಕೆಲಸ. ಗಂಡ ತೀರಿಕೊಂಡ ಮೇಲೂ ಅತ್ತೆ-ಮಾವಂದಿರನ್ನು ಕೈಬಿಡದ ಸೊಸೆಗೂ, ಹೆಂಡತಿ ತೀರಿದ ಅಳಿಯನಿಗೂ ಅದೇ ಹಕ್ಕು. ಸಂಹಿತೆಯ ವ್ಯಾಖ್ಯೆಯಲ್ಲಿ ಮಹಿಳಾ ಉದ್ಯೋಗಿಗೆ ಮಾತ್ರ ಎಂಬ ಕಟ್ಟು ತೊಲಗಬೇಕು.

ಆದರೆ ಸರ್ಕಾರದ ಬಾಗಿಲು ತಟ್ಟುವ ಮೊದಲು ಸಮಾಜ ತನ್ನ ಬಾಗಿಲನ್ನು ತೆರೆಯಬೇಕು. ಜೈನರ ಒಡೆತನದ ಅಂಗಡಿಗಳು, ಕಾರ್ಖಾನೆಗಳು, ಶಾಲೆಗಳು, ಸಹಕಾರಿ ಬ್ಯಾಂಕುಗಳು, ಟ್ರಸ್ಟುಗಳು, ಬಸದಿಗಳ ಆಡಳಿತ ಸಮಿತಿಗಳು ಕಾನೂನಿಗಾಗಿ ಕಾಯಬೇಕಾಗಿಲ್ಲ. ಒಂದು ಸಭೆ, ಒಂದು ಠರಾವು ಸಾಕು. ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗುವ ಕೈಗಳಿಗೆ ಗುಮಾಸ್ತನ ಹದಿನೈದು ದಿನಗಳ ಸಂಬಳ ಭಾರವಾಗಲಾರದು. ಆ ರಜೆ ಜೈನ ನೌಕರರಿಗಷ್ಟೇ ಅಲ್ಲ, ಅಂಗಡಿಯ ಹಮಾಲಿಗೂ ಮನೆಯ ಕೆಲಸದಾಕೆಗೂ ಸಲ್ಲಬೇಕು. ಮುಂಬೈಯ ಎಷ್ಟೋ ಮನೆಗಳಲ್ಲಿ ಅತ್ತೆಯ ಮಗ್ಗುಲು ಬದಲಿಸುವವಳು ದಿನಗೂಲಿಯ ಆಯಾ. ಅವಳಿಗೂ ಒಬ್ಬ ಅತ್ತೆ ಇದ್ದಾಳೆ. ಒಬ್ಬರ ವೈಯಾವೃತ್ಯಕ್ಕಾಗಿ ಇನ್ನೊಬ್ಬರ ಮನೆಯ ರೋಗಿ ಒಂಟಿಯಾಗಬಾರದು. ಅಹಿಂಸೆಯ ಲೆಕ್ಕದಲ್ಲಿ ಅದೂ ಬರುತ್ತದೆ.

2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚಿದ್ದರು. ಆ ಸಂಖ್ಯೆ ಬೆಳೆಯುತ್ತಲೇ ಇದೆ, ಅವರನ್ನು ನೋಡಿಕೊಳ್ಳುವ ಮಕ್ಕಳ ಸಂಖ್ಯೆ ಪ್ರತಿ ಮನೆಯಲ್ಲೂ ಇಳಿಯುತ್ತಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಜನ ಜಗಳದ ಅರ್ಥದಲ್ಲಿ ಹೇಳುತ್ತಾರೆ. ಅದರಲ್ಲಿ ಬೇರೊಂದು ಸತ್ಯವೂ ಇದೆ: ಇಂದಿನ ಸೊಸೆ ನಾಳೆಯ ಅತ್ತೆ, ಇಂದಿನ ಅಳಿಯ ನಾಳೆಯ ಮಾವ. ಈ ರಜೆಯನ್ನು ಇಂದು ಕೇಳದೆ ಉಳಿದವರು ನಾಳೆ ತಮ್ಮ ಹಾಸಿಗೆಯ ಪಕ್ಕದ ಖಾಲಿ ಕುರ್ಚಿಯನ್ನು ಕಂಡು ಯಾರನ್ನೂ ದೂರುವಂತಿಲ್ಲ.